ಹಿಂದಿನ ಎಡಗಡೆಯ ಸೀಟು

ಸಪ್ತಾಪುರದಲ್ಲಿ ಕಾರು ಕೊಳ್ಳುವ ಯೋಚನೆ ತಲೆಗೆ ಹೊಕ್ಕವರು ಮೊದಲು ಬ್ಯಾಂಕಿಗೆ ಹೋಗುತ್ತಿರಲಿಲ್ಲ, ಶೋರೂಮಿಗೂ ಹೋಗುತ್ತಿರಲಿಲ್ಲ. ಶಶಿಕುಮಾರನ ಮನೆಗೆ ಬರುತ್ತಿದ್ದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಶಶಿಕುಮಾರನಿಗೆ ತೀರ ದೊಡ್ಡದೂ ಅಲ್ಲದ, ತೀರ ಸಣ್ಣದೂ ಅಲ್ಲದ, ಐದು ಮಂದಿಯ ಸಂಸಾರ ಆರಾಮಾಗಿ ಕೂಡಬಹುದಾದ ಎಸ್‌ಯುವಿ ಗಾಡಿಗಳ ಜಾತಕವೆಲ್ಲ ಬಾಯಿಪಾಠ ಇತ್ತು. ಯಾವುದರ ಡಿಕ್ಕಿಯಲ್ಲಿ ಎಷ್ಟು ಸಾಮಾನು ಹಿಡಿಯುತ್ತದೆ, ಯಾವುದು ಘಟ್ಟ ಹತ್ತುವಾಗ ಏದುಸಿರು ಬಿಡುತ್ತದೆ, ಯಾವುದರ ಹೊಟ್ಟೆ ಕಲಘಟಗಿ ರಸ್ತೆಯ ತಗ್ಗಿಗೆ ಬಡಿಯುತ್ತದೆ, ಎಲ್ಲವನ್ನೂ ಕಣ್ಣು ಮುಚ್ಚಿ ಹೇಳುತ್ತಿದ್ದ. ಅವನ ಮಾತು ಕೇಳಿ ಈವರೆಗೆ ಆರು ಮಂದಿ ಕಾರು ಕೊಂಡಿದ್ದರು. ಶಶಿಕುಮಾರ ಮಾತ್ರ ಹದಿನಾಲ್ಕು ವರ್ಷದ ಸ್ಕೂಟರಿನ ಮೇಲೇ ಶಾಲೆಗೆ ಹೋಗುತ್ತಿದ್ದ.

ಹಾಗಂತ ಅವನಿಗೆ ಕಾರು ಬೇಡವಾಗಿತ್ತು ಅಂತಲ್ಲ. ನಾಲ್ಕು ವರ್ಷದಿಂದ ಅವನು ಕಾರು ಕೊಳ್ಳುತ್ತಲೇ ಇದ್ದ. ಪಡಸಾಲೆಯ ಗೋಡೆಯ ಮೇಲೆ ಹಳೇ ಕ್ಯಾಲೆಂಡರುಗಳ ಹಿಂಬದಿಯನ್ನು ಒಂದಕ್ಕೊಂದು ಅಂಟಿಸಿ ಒಂದು ಪಟ್ಟಿ ಮಾಡಿದ್ದ. ಅದರಲ್ಲಿ ಒಂಬತ್ತು ಗಾಡಿ, ನಲವತ್ಮೂರು ಕಾಲಮ್ಮು. ಇನ್ನೇನು ಒಂದನ್ನು ಗಟ್ಟಿ ಮಾಡಬೇಕು ಅನ್ನುವಷ್ಟರಲ್ಲಿ ಯಾವುದೋ ಕಂಪನಿ ಹೊಸ ಮಾಡೆಲ್ಲು ಬಿಡುತ್ತಿತ್ತು. ಶಶಿಕುಮಾರ ಸ್ಕೇಲು ತಗೊಂಡು ಹೊಸ ಗೆರೆ ಎಳೆಯುತ್ತಿದ್ದ.

ಈ ನಾಲ್ಕು ವರ್ಷದಲ್ಲಿ ಮೂರು ವರ್ಷ ಅವನ ತಂದೆ ಮೈಲಾರಪ್ಪ ಬದುಕಿದ್ದರು. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತೆರಡು ವರ್ಷ ದುಡಿದ ಮನುಷ್ಯ. ದಿನಾ ಧಾರವಾಡದಿಂದ ಹುಬ್ಬಳ್ಳಿಗೆ ಟೆಂಪೋದಲ್ಲಿ ಹೋಗಿ ಬರುವರು. ಕೂಡುವುದು ಯಾವಾಗಲೂ ಹಿಂದಿನ ಎಡಗಡೆಯ ಸೀಟಿನಲ್ಲಿ. ಗಾಜು ಸರಿಯಾಗಿ ನಾಲ್ಕು ಬೆರಳು ಇಳಿಸುವರು, ಐದಕ್ಕೆ ಥಂಡಿ, ಮೂರಕ್ಕೆ ಉಸಿರುಗಟ್ಟುವುದು. ಮಂದಿಯೆಲ್ಲ ಹತ್ತಿದ ಮೇಲೆ ಗಾಜಿನ ಸಂದಿಯಿಂದ ಕೈ ಹೊರಗೆ ಹಾಕಿ ಟೆಂಪೋದ ಮಗ್ಗುಲಿಗೆ ಅಂಗೈಯಿಂದ ಎರಡು ಸಲ ಬಡಿಯುವರು. ಅಂದರೆ, ನಡಿ ಅಂತ. ನಿವೃತ್ತಿಯಾದ ಮೇಲೆ ಅವರಿಗೆ ಉಳಿದದ್ದು ಒಂದೇ ಆಸೆ, ಮಗನ ಕಾರಿನಲ್ಲಿ ಒಂದು ಸುತ್ತು ಹೋಗಬೇಕು.

ದಿನಾ ಸಂಜೆ ಮೈಲಾರಪ್ಪ ಪಟ್ಟಿಯ ಮುಂದೆ ನಿಂತು ಕೇಳುವರು, "ಯಾವುದು ಆತೋ, ತಮ್ಮಾ?"

"ಇನ್ನೊಂದು ನೋಡೂದೈತ್ರಿ, ಅಪ್ಪಾ."

ಆ ಇನ್ನೊಂದನ್ನು ನೋಡುವುದರಲ್ಲೇ ಹೋದ ಶ್ರಾವಣದಲ್ಲಿ ಮೈಲಾರಪ್ಪ ತೀರಿಕೊಂಡರು. ಅವರ ಫೋಟೋ ಪಡಸಾಲೆಯಲ್ಲಿ ಬುದ್ಧನ ಚಿತ್ರದ ಪಕ್ಕಕ್ಕೆ, ಪಟ್ಟಿಯ ಎದುರಿಗೆ ಬಂತು. ಅದು ನೆನಪಾದಾಗೆಲ್ಲ ಶಶಿಕುಮಾರ ಇನ್ನೊಂದು ಕಾಲಮ್ಮು ಎಳೆಯುತ್ತಿದ್ದ.

ಈಗ ಅವ್ವ ಸಾವಕ್ಕನ ಸರದಿ. ಆಕೆಯ ಎರಡೂ ಮೊಣಕಾಲು ಸವೆದಿದ್ದವು. ಸತ್ತೂರಿನ ಆಸ್ಪತ್ರೆಯ ಡಾಕ್ಟರು, ಈ ಸಲ ಆಪರೇಷನ್ ಮುಂದಕ್ಕೆ ಹಾಕಿದರೆ ಅಜ್ಜಿ ಮತ್ತೆ ನಡೆಯುವ ಮಾತು ಬಿಡಿ ಎಂದು ಕಡ್ಡಿ ಮುರಿದಂತೆ ಹೇಳಿ, ಮುಂದಿನ ತಿಂಗಳ ಹನ್ನೆರಡಕ್ಕೆ ಬರಲು ತಾರೀಖು ಕೊಟ್ಟಿದ್ದರು. ಸಾವಕ್ಕನೂ ಅಷ್ಟೇ ಖಂಡಿತವಾಗಿ ಹೇಳಿಬಿಟ್ಟಳು.

"ಆಟೋದಾಗ ಹೋಗಂಗಿಲ್ಲ. ಬಾಡಿಗಿ ಗಾಡ್ಯಾಗೂ ಹೋಗಂಗಿಲ್ಲ. ನಿಮ್ಮಪ್ಪ ನಿನ್ನ ಕಾರು ಕಾದು ಕಾದು ಹೋದ್ರು. ನಾ ಅದರಾಗ ಕುಂತ ಹೋಗ್ತೇನಿ. ಇಲ್ಲಂದ್ರ ಈ ಮೊಣಕಾಲ ಹಿಂಗ ಇರ್ಲಿ."

ಶಶಿಕುಮಾರ ಬೆವರಿ, ಒಂಬತ್ತರಲ್ಲಿ ಆರನ್ನು ಹೊಡೆದುಹಾಕಿ ಮೂರು ಉಳಿಸಿದ. ಒಂದು ಬಿಳಿಯದು, ಒಂದು ಬೂದಿ ಬಣ್ಣದ್ದು, ಒಂದು ಕೆಂಪು. ಕಂಪನಿಗಳ ಹೆಸರು ಬೇಡ; ಕಾರುಗಳಿಗೂ ಮಾನ ಇರುತ್ತದೆ.

ಇಲ್ಲಿ ಮೈಲಾರಪ್ಪನವರ ಒಂದು ಸ್ವಭಾವ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಕಡೆ ಒಂದು ರಿವಾಜು ಇದೆ. ಉಣ್ಣುವಾಗ ಯಾರಾದರೂ ಬಾಗಿಲಿಗೆ ಬಂದರೆ "ಬರ್ರಿ, ಊಟಕ್ಕ" ಅನ್ನಬೇಕು. ಬಂದವರು "ಆಗೇತ್ರಿ, ನಿಮ್ದು ಸಾಗ್ಲಿ" ಅನ್ನಬೇಕು. ಕರೆದವರಿಗೂ ಗೊತ್ತು, ಕರೆಸಿಕೊಂಡವರಿಗೂ ಗೊತ್ತು, ಇದು ಬರೀ ಮಾತು. ಇಡೀ ಧಾರವಾಡದಲ್ಲಿ ಈ ಗುಟ್ಟು ತಿಳಿಯದವರು ಮೈಲಾರಪ್ಪ ಒಬ್ಬರೇ. ಕರೆದರೆ ಅವರು ಬರುತ್ತಿದ್ದರು. ರೈಲಿನಲ್ಲಿ ಗುರುತಿಲ್ಲದವರು ಬುತ್ತಿ ಬಿಚ್ಚಿ "ಬರ್ರಿ" ಅಂದರೆ, ಪಕ್ಕಕ್ಕೆ ಸರಿದು ಕೂತು ಮೂರು ರೊಟ್ಟಿ ಉಂಡು, ಬದನೆಕಾಯಿ ಪಲ್ಯಕ್ಕೆ ಉಪ್ಪು ಒಂದು ಕೈ ಕಡಿಮೆ ಎಂದು ಹೇಳಿ ಇಳಿಯುತ್ತಿದ್ದರು. ಒಮ್ಮೆ ಪಕ್ಕದ ಮನೆಯ ಗುರುಬಸವ ಸಂಸಾರ ಸಮೇತ ಗೋಕಾಕಕ್ಕೆ ಹೊರಟವನು ಗೇಟಿನಲ್ಲಿ ನಿಂತಿದ್ದ ಮೈಲಾರಪ್ಪನವರಿಗೆ "ಬರ್ರಿ ಕಾಕಾ, ನೀವೂ" ಅಂದುಬಿಟ್ಟ. ಎರಡು ನಿಮಿಷದಲ್ಲಿ ಇವರು ಟವೆಲ್ಲು, ಚೀಲ ಹಿಡಿದು ಬಂದು ಹಿಂದಿನ ಎಡಗಡೆ ಕೂತರು. ಅಂದು ಜಾಗ ಸಾಲದೆ ಮನೆಯಲ್ಲುಳಿದ ಗುರುಬಸವನ ಅತ್ತೆ ಅವನ ಜೊತೆ ಮಾತು ಬಿಟ್ಟು ಈಗ ಆರು ವರ್ಷ.

ಬಿಳಿ ಗಾಡಿ ಬಂದದ್ದು ಒಂದು ಶನಿವಾರ, ಹನ್ನೊಂದು ಗಂಟೆಯ ಬಿಸಿಲಿನಲ್ಲಿ. ತಂದವಳು ಶೋರೂಮಿನ ರಜನಿ, ಚುರುಕಾದ ಹುಡುಗಿ. ಶಶಿಕುಮಾರ ಒಂದು ಕಾಲಿಗೆ ಬೂಟು ಹಾಕಿ ಇನ್ನೊಂದಕ್ಕೆ ಹುಡುಕುತ್ತಿದ್ದಾಗ ಮಂಚದ ಮೇಲಿಂದ ಸಾವಕ್ಕ ಅಂದಳು, "ನಿಮ್ಮಪ್ಪಗ ಒಂದು ಮಾತು ಹೇಳಿ ಹೋಗಪಾ."

ದೆವ್ವ ಇಲ್ಲ, ಭೂತ ಇಲ್ಲ, ಸತ್ತವರು ಬರುವುದಿಲ್ಲ ಎಂದು ಶಶಿಕುಮಾರ ಇದುವರೆಗೆ ಹನ್ನೊಂದು ಶಾಲೆಗಳಲ್ಲಿ ಭಾಷಣ ಮಾಡಿದ್ದ. ನಿಂಬೆಹಣ್ಣಿನಿಂದ ರಕ್ತ ಬರಿಸಿ, ಅದು ಹೇಗೆ ಬಂತು ಎಂದು ತಾನೇ ತೋರಿಸುತ್ತಿದ್ದ. ಆದರೆ ಅವ್ವನ ಮನಸ್ಸು ಯಾಕೆ ಮುರಿಯಬೇಕು? ಫೋಟೋದ ಕಡೆ ಅರ್ಧ ತಿರುಗಿ, "ಬರ್ರಿ ಅಪ್ಪಾ, ಕಾರು ನೋಡ್ಕೊಂಡು ಬರೂಣು" ಅಂದು ಬೂಟು ಹಾಕಿಕೊಂಡು ನಡೆದ.

ಮಾತಿಗೆ ಅಂದದ್ದು. ಯಾರಿಗೆ ಅಂದೆ ಅನ್ನುವುದು ಮಾತ್ರ ಅವನ ಲಕ್ಷ್ಯಕ್ಕೆ ಬರಲಿಲ್ಲ.

ಶಶಿಕುಮಾರ ಗಾಡಿ ನಡೆಸಿದ, ರಜನಿ ಪಕ್ಕದಲ್ಲಿ ಕೂತಳು. ಶ್ರೀನಗರ ಸರ್ಕಲ್ಲು ದಾಟುವಷ್ಟರಲ್ಲಿ ಗಾಡಿ ಟಿಣ್ ಟಿಣ್ ಅನ್ನತೊಡಗಿತು.

"ಹಿಂದ ಕುಂತವ್ರು ಬೆಲ್ಟ್ ಹಾಕ್ಕೊಂಡಿಲ್ರಿ, ಸರ್" ಅಂದಳು ರಜನಿ, ದಿನಾ ಹತ್ತು ಸಲ ಹೇಳುವ ಮಾತಾದ್ದರಿಂದ ಹಿಂದೆ ನೋಡದೇ.

ಮರುಕ್ಷಣ ಇಬ್ಬರೂ ಹಿಂದೆ ನೋಡಿದರು. ಹಿಂದೆ ಯಾರೂ ಇರಲಿಲ್ಲ. ಮುಂದಿನ ಪರದೆಯ ಮೇಲೆ ಐದು ಸೀಟಿನ ಚಿತ್ರ ಮೂಡಿ, ಅದರಲ್ಲಿ ಹಿಂದಿನ ಎಡಗಡೆಯದು ಕೆಂಪಗೆ ಹೊತ್ತಿ ಆರುತ್ತಿತ್ತು.

"ಸೆನ್ಸರ್ ಕೆಟ್ಟಿರಬೇಕ್ರಿ" ಅಂದಳು ರಜನಿ.

"ಹೌದೌದು, ಸೆನ್ಸರ್" ಅಂದ ಶಶಿಕುಮಾರ, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳುವ ಜಾಣ ವಿದ್ಯಾರ್ಥಿಯ ಅವಸರದಲ್ಲಿ.

ಗಾಡಿ ನಿಲ್ಲಿಸಿದರು. ರಜನಿ ಹಿಂದಿನ ಬಾಗಿಲು ತೆಗೆದು, ಸೀಟಿನ ಮೇಲೆ ಏನಾದರೂ ಬಿದ್ದಿದೆಯೋ ಎಂದು ಕೈಯಿಂದ ಜಾಡಿಸಿ ಬಂದಳು. ಏನೂ ಇರಲಿಲ್ಲ. ಗಾಡಿ ಹೊರಟಿತು, ಟಿಣ್ ಟಿಣ್ ಶುರುವಾಯಿತು. ಉಣಕಲ್ಲ ಕೆರೆಯ ತನಕ ಅದು ನಿಲ್ಲಲಿಲ್ಲ. ಕೆರೆಯ ದಂಡೆಗೆ ಗಾಡಿ ತಿರುಗಿಸುವಾಗ ಶಶಿಕುಮಾರನ ಕತ್ತಿಗೆ ಹಿಂದಿನಿಂದ ತಣ್ಣನೆಯ ಗಾಳಿ ತಾಗಿತು.

"ಹಿಂದಿನ ಗ್ಲಾಸು ನೀವ ಇಳಿಸಿದ್ರೇನು?"

"ಇಲ್ರಿ ಸರ್. ಅದಕ್ಕ ಲಾಕ್ ಹಾಕೇನ್ರಿ."

ಎಡಗಡೆಯ ಗಾಜು ನಾಲ್ಕು ಬೆರಳು ಇಳಿದಿತ್ತು. ಶಶಿಕುಮಾರ ಅಳೆಯಲಿಲ್ಲ, ಅಳೆಯದೇ ಅವನಿಗೆ ಗೊತ್ತಾಯಿತು. ಜೀವಮಾನವೆಲ್ಲ ಅಳೆದೇ ಬದುಕಿದ ಮನುಷ್ಯ ಅವತ್ತು ಮೊದಲ ಸಲ ಸ್ಕೇಲು ತರದಿದ್ದುದಕ್ಕೆ ಸಂತೋಷಪಟ್ಟ.

ಮನೆಗೆ ಬಂದು ಪಟ್ಟಿಯಲ್ಲಿ ಬಿಳಿ ಗಾಡಿಯ ಮುಂದೆ "ಸೆನ್ಸರ್ ದೋಷ" ಎಂದು ಬರೆದು ಅಡ್ಡಗೆರೆ ಎಳೆದ. ನಗುನಗುತ್ತಲೇ ಹೆಂಡತಿ ಯಶೋಧರಾಗೆ ಎಲ್ಲ ಹೇಳಿದ. ಕೃಷಿ ಇಲಾಖೆಯ ಕಚೇರಿಯಲ್ಲಿ ದಿನಕ್ಕೆ ನೂರು ಮಂದಿಯ ತಕರಾರು ಕೇಳುವ ಯಶೋಧರಾ ನಗಲಿಲ್ಲ.

"ನೀವು ಮಾವಾರನ್ನ ಕರದಿದ್ರೇನು?"

"ಮಾತಿಗೆ ಅಂದೆ."

"ಮಾವಾರನ್ನ ಮಾತಿಗೆ ಕರೀತಾರೇನ್ರಿ ಯಾರರ!"

"ಯಶೋಧರಾ, ನಾನು ವಿಜ್ಞಾನದ ಮಾಸ್ತರ."

"ನೀವು ಅದೀರಿ. ಅವರಲ್ಲ."

ಬೂದಿ ಬಣ್ಣದ ಗಾಡಿ ಬಂದದ್ದು ಬುಧವಾರ. ಈ ಸಲ ಶಶಿಕುಮಾರ ಎರಡು ಜಾಗ್ರತೆ ತಗೊಂಡ. ಮೊದಲನೆಯದು, ಅಪ್ಪನ ದಿನದ ಟೆಂಪೋ ರಿಪೇರಿ ಮಾಡುತ್ತಿದ್ದ ಹಳೇ ಹುಬ್ಬಳ್ಳಿಯ ಮೆಕ್ಯಾನಿಕ್ ಗೌಸಮೊದ್ದೀನನನ್ನು ಜೊತೆಗೆ ಕರೆಸಿದ. ಗೌಸಮೊದ್ದೀನ ಗಾಡಿಯ ಬಾನೆಟ್ಟಿನ ಮೇಲೆ ಕೈ ಇಟ್ಟರೆ ಸಾಕು, ಅದು ತನ್ನ ನೋವೆಲ್ಲ ಹೇಳಿಕೊಳ್ಳುತ್ತದೆ ಎಂದು ಪ್ರತೀತಿ ಇತ್ತು. ಎರಡನೆಯದು, ಬರೀ ಹೆಂಡತಿಯ ಸಮಾಧಾನಕ್ಕೆ, ಗಾಡಿಯನ್ನು ಮನೆಗೆ ತರಿಸದೆ ಕಾಲೇಜಿನ ಮೂಲೆಯಲ್ಲಿ ನಿಲ್ಲಿಸಿದ. ಫೋಟೋದ ಮುಂದೆ ನಿಂತು ಗಟ್ಟಿಯಾಗಿ "ಸಾಲಿಗೆ ಹೊಂಟೇನ್ರಿ, ಅಪ್ಪಾ" ಅಂದ. ಅಂದವನು ಚಪ್ಪಲಿ ಕೈಯಲ್ಲಿ ಹಿಡಿದು, ಹಿತ್ತಲ ಬಾಗಿಲಿಂದ, ಪಾತ್ರೆ ತಿಕ್ಕುವ ಕಲ್ಲು ದಾಟಿ, ಗುರುಬಸವನ ಕಂಪೌಂಡು ಹಾರಿ ಹೋದ. ಬಟ್ಟೆ ಒಣಹಾಕುತ್ತಿದ್ದ ಗುರುಬಸವನ ಅತ್ತೆ ಅವನನ್ನು ನೋಡಿದಳು. ಸದ್ಯ, ಮಾತು ಬಿಟ್ಟವಳು ಅಂದುಕೊಂಡ; ಆಕೆ ಮಾತು ಬಿಟ್ಟದ್ದು ಅಳಿಯನ ಜೊತೆ ಮಾತ್ರ ಅನ್ನುವುದು ಅವನಿಗೆ ಆಗ ನೆನಪಾಗಲಿಲ್ಲ.

ಗೌಸಮೊದ್ದೀನ ಮುಂದೆ ಕೂತ. ಶೋರೂಮಿನಿಂದ ಬಂದವನನ್ನು ಚಹಾದಂಗಡಿಯಲ್ಲಿ ಕೂಡಿಸಿ ಇಬ್ಬರೇ ಹೊರಟರು. ಹತ್ತು ಮಾರು ಹೋಗಿರಲಿಲ್ಲ.

ಟಿಣ್ ಟಿಣ್.

ಮೂವತ್ತೆರಡು ವರ್ಷ ವರ್ಕ್‌ಶಾಪಿನಲ್ಲಿ ದುಡಿದು ಬಂದವರಿಗೆ, ಹಿತ್ತಲ ಬಾಗಿಲಿಂದ ಹೊರಡುವವನು ಶಾಲೆಗೆ ಹೊರಟವನಲ್ಲ ಎಂದು ತಿಳಿಯುವುದಿಲ್ಲವೇ?

"ಇದೂ ಕಂಪನಿ ದೋಷ" ಅಂದ ಶಶಿಕುಮಾರ. ದನಿ ಅವನದೇ ಆಗಿದ್ದರೂ ಸ್ವಲ್ಪ ಸಣ್ಣದಾಗಿತ್ತು.

ಗೌಸಮೊದ್ದೀನ ಇಳಿದು ಹಿಂದಿನ ಬಾಗಿಲು ತೆಗೆದ. ಸೀಟಿನ ಕೆಳಗೆ ಕೈ ಹಾಕಿ, ತಡಕಾಡಿ, ಒಂದು ತಂತಿಯ ಜೋಡಣೆ ಬಿಡಿಸಿದ. ಗಾಡಿ ಟಿಣ್ ಟಿಣ್ ಅನ್ನುತ್ತಲೇ ಇತ್ತು. ಗೌಸಮೊದ್ದೀನ ಕೈಯಲ್ಲಿದ್ದ ತಂತಿಯನ್ನೊಮ್ಮೆ, ಪರದೆಯನ್ನೊಮ್ಮೆ ನೋಡಿದ.

"ಸರ್, ಸೀಟಿಂದು ತಂತಿ ನನ್ನ ಕೈಯಾಗೈತ್ರಿ."

"ಮತ್ತ ಬಾರಸಾಕತ್ತದ್ದು ಯಾವುದು?"

ಗೌಸಮೊದ್ದೀನ ತಂತಿ ಕೆಳಗಿಟ್ಟ. ಅಂಗೈಯನ್ನು ಮೆಲ್ಲಗೆ ಎಡಗಡೆಯ ಸೀಟಿನ ಮೇಲಿಟ್ಟ, ತಟ್ಟನೆ ತೆಗೆದ.

"ಬಿಸಿ ಐತ್ರಿ. ಮನಷ್ಯಾ ಕುಂತ ಎದ್ದಂಗ."

"ಬಿಸಲಿಗೆ ಕಾದಿರ್ತೈತಿ."

"ಬಿಸಲು ಬಲಗಡೆ ಐತಲ್ರಿ."

ಖರೇ ಇತ್ತು. ಬಿಸಿಲು ಬಲಗಡೆ ಬಿದ್ದಿತ್ತು, ಎಡಗಡೆ ಬೇವಿನ ನೆರಳು. ರಸ್ತೆಯ ತುಂಬ ಹುಡುಗ ಹುಡುಗಿಯರು ಕಾಲೇಜಿಗೆ ಹೋಗುತ್ತಿದ್ದರು, ಕಬ್ಬಿನ ಹಾಲಿನ ಗಾಡಿ ಗಿರಗಿರನೆ ತಿರುಗುತ್ತಿತ್ತು. ಇಷ್ಟು ಹಾಡುಹಗಲಿನಲ್ಲಿ ಶಶಿಕುಮಾರನ ಮುಂಗೈ ಮೇಲಿನ ಕೂದಲು ನೆಟ್ಟಗೆ ನಿಂತವು. ಹನ್ನೊಂದು ಭಾಷಣಗಳಲ್ಲಿ ಒಂದೂ ಅವನಿಗೆ ನೆನಪಿಗೆ ಬರಲಿಲ್ಲ.

ಗೌಸಮೊದ್ದೀನ ತಂತಿ ಮೊದಲಿನ ಹಾಗೇ ಕೂಡಿಸಿ, ಕೈ ಒರೆಸಿಕೊಂಡು, ತನ್ನ ಚೀಲ ತೆಗೆದುಕೊಂಡ. "ನಾ ಬಸ್ಸಿಗೆ ಹೋಗ್ತೇನ್ರಿ, ಸರ್."

"ಯಾಕೋ? ಸ್ಟ್ಯಾಂಡಿನ ತನಕ ನಾನ ಬಿಡ್ತೇನಿ."

"ಬ್ಯಾಡ್ರಿ. ಮನಿ ಮಂದಿ ಹೊಂಟೀರಿ, ನಡಕ ನಾ ಯಾಕ?" ಹೊರಟವನು ಎರಡು ಹೆಜ್ಜೆ ಹೋಗಿ ತಿರುಗಿ, ಎದೆಯ ಮೇಲೆ ಕೈ ಇಟ್ಟು ಹಿಂದಿನ ಗಾಜಿನ ಕಡೆ ಬಾಗಿದ. "ಸಲಾಂ ರೀ, ಮೈಲಾರಪ್ಪ ಕಾಕಾ. ಆರಾಮ ಅದೀರಲ್ಲ?"

ಗೌಸಮೊದ್ದೀನ ಈ ಸಂಗತಿಯನ್ನು ಬಸ್ಸಿನಲ್ಲಿ ಒಬ್ಬರಿಗೆ ಮಾತ್ರ ಹೇಳಿದ. ಗುರುಬಸವನ ಅತ್ತೆ ತಾನು ಕಂಡದ್ದನ್ನು ನಲ್ಲಿಯ ಹತ್ತಿರ ಇಬ್ಬರಿಗೆ ಮಾತ್ರ ಹೇಳಿದಳು. ಸಂಜೆ ಆರಕ್ಕೆ ಶಶಿಕುಮಾರನ ಪಡಸಾಲೆಯಲ್ಲಿ ಹದಿನೇಳು ಮಂದಿ ಕೂತಿದ್ದರು, ಕೂಡಲು ಜಾಗ ಸಿಗದವರು ಮೆಟ್ಟಿಲ ಮೇಲೆ ನಿಂತಿದ್ದರು. ಅವನ ಸಲಹೆಯಿಂದ ಕಾರು ಕೊಂಡ ಆರೂ ಮಂದಿ ಬಂದಿದ್ದರು. ಅವರಲ್ಲಿ ಒಬ್ಬರು, ಹುಚ್ಚಪ್ಪ ಅಂತ ಕಾಲೇಜಿನ ಲೆಕ್ಚರರು, ತೀರ ನೊಂದುಕೊಂಡಿದ್ದರು.

"ನಿಮ್ಮ ಮಾತು ಕೇಳಿ ನಾ ಅದ ಬಿಳೇದು ತಗೊಂಡೆ, ಸರ್ರ. ನಮ್ಮಪ್ಪ ಹೋಗಿ ಎಂಟು ವರ್ಷ ಆತು. ಒಂದ ದಿನಾ ಬಂದು ಕುಂತಿಲ್ಲ! ನನಗ ಕೆಳಗಿನ ಮಾಡೆಲ್ ಯಾಕ ಹೇಳಿದ್ರಿ?"

"ಹುಚ್ಚಪ್ಪನವರ, ಮಾಡೆಲ್ಲಿಗೂ ಅದಕ್ಕೂ ಸಂಬಂಧ ಇಲ್ರಿ. ಅದು ಬರೇ ಸೆನ್ಸರ್."

"ನಿಮಗ ಆದ್ರ ಸೆನ್ಸರ್, ನಮಗ ಏನೂ ಇಲ್ಲ!"

ಗುರುಬಸವ ರೈಲ್ವೆ ಪಿಂಚಣಿ ಕಚೇರಿಯಲ್ಲಿ ಗುಮಾಸ್ತ. ಯಾವ ಸಂಗತಿಯನ್ನೂ ದಾಖಲೆಯ ಕಡೆಯಿಂದ ನೋಡುವ ಮನುಷ್ಯ. "ನೋಡ್ರಿ ಮಾಸ್ತರ್ರ, ಕರದವರು ನೀವು. ಅವರು ಬಂದಾರ. ಈಗ ಹೋಗ್ರಿ ಅನ್ನಾಕ ಬರೂದಿಲ್ಲ. ಗೋಕಾಕಿಗೆ ಹೋದಾಗ ನಾ ಅನ್ನಾಕಾತೇನು?"

ಎಲ್ಲರೂ ತಲೆದೂಗಿದರು. ಬರ್ರಿ ಅನ್ನಲು ಧಾರವಾಡದಲ್ಲಿ ಇಪ್ಪತ್ತು ರೀತಿ ಇವೆ. ಬರಬೇಡಿ ಅನ್ನಲು ಒಂದೂ ಇಲ್ಲ. ಹದಿನೇಳು ಮಂದಿ ಎರಡು ಸಲ ಚಹಾ ಕುಡಿದು ಯೋಚಿಸಿದರೂ ಹೊಳೆಯಲಿಲ್ಲ.

ಅಷ್ಟರಲ್ಲಿ ರಜನಿ ಒಂದು ಕಾಗದ ಹಿಡಿದು ಮೆಟ್ಟಿಲು ಹತ್ತಿ ಬಂದಳು. ಬಿಳಿ ಗಾಡಿ ಶನಿವಾರ ಎಲ್ಲಿ ಹೋಯಿತು, ಎಷ್ಟು ಜೋರಾಗಿ ಹೋಯಿತು ಅನ್ನುವುದನ್ನೆಲ್ಲ ಅದರ ಕಂಪ್ಯೂಟರು ತಾನಾಗಿ ಬರೆದುಕೊಂಡಿತ್ತಂತೆ. ಅದರ ಪ್ರಕಾರ ಕೂತವರು ಮೂವರು. ಶೋರೂಮಿನ ಕಾಗದದಲ್ಲಿ ಇದ್ದವರು ಇಬ್ಬರು.

"ಇನ್ಶೂರನ್ಸ್ ಸಲುವಾಗಿ ಮೂರನೇಯವ್ರ ಮಾಹಿತಿ ಬೇಕಂತ್ರಿ, ಸರ್. ಮ್ಯಾನೇಜರ್ ಕಳಿಸ್ಯಾರ. ಹೆಸರು, ವಯಸ್ಸು, ನಿಮಗ ಏನಾಗಬೇಕು ಅಂತ ಬರದು ಸಹಿ ಮಾಡ್ರಿ."

"ಮೂರನೇಯವರು ಇರಲಿಲ್ಲಮ್ಮಾ! ನೀನ ನೋಡಿದಿ. ದೆವ್ವ ಗಿವ್ವ ಅಂತ ನಾ ಬರದು ಕೊಡಂಗಿಲ್ಲ."

"ದೆವ್ವ ಅಂತ ನಾ ಅಂದಿಲ್ರಿ, ಸರ್. ಪ್ರಯಾಣಿಕರು ಅಂದೇನಿ."

ಶಶಿಕುಮಾರ ಪೆನ್ನು ಹಿಡಿದುಕೊಂಡು ಬೆವರಿದ. ಬರೆದರೆ ಹನ್ನೊಂದು ಶಾಲೆಗಳಲ್ಲಿ ಮಾನ ಹೋಗುತ್ತದೆ, ಬರೆಯದಿದ್ದರೆ ಸುಳ್ಳು ಹೇಳಿದಂತಾಗುತ್ತದೆ. ನುಂಗಲೂ ಆಗದ, ಉಗುಳಲೂ ಆಗದ ಬಿಸಿತುಪ್ಪ. ಆಗ ಗುರುಬಸವ ಹಾರಿ ಬಂದು ಅವನ ಕೈ ಹಿಡಿದ.

"ಅವರ ಹೆಸರು ಮಾತ್ರ ಬರೀಬ್ಯಾಡ್ರಿ! ಮೈಲಾರಪ್ಪ ಕಾಕಾರು ಹೋಗ್ಯಾರ ಅಂತ ನಮ್ಮ ಆಫೀಸಿನ್ಯಾಗ ಕಾಗದ ಐತಿ. ಈಗ ಕಾರನ್ಯಾಗ ಓಡ್ಯಾಡಾಕತ್ತಾರ ಅಂತ ಇನ್ನೊಂದು ಕಾಗದ ಹುಟ್ಟಿದ್ರ, ಸಾವಕ್ಕಜ್ಜಿದು ಫ್ಯಾಮಿಲಿ ಪಿಂಚಣಿ ನಿಂದರಸ್ತಾರ್ರಿ. ಮತ್ತ ಕಾಕಾರು ಖುದ್ದ ಬಂದು ಸತ್ತೇನಿ ಅಂತ ಬರದು ಕೊಡಬೇಕಾಕ್ಕೈತಿ."

ಸಭೆ ನಡುಗಿತು. ದೆವ್ವಕ್ಕೆ ಹೆದರದವರೂ ಪಿಂಚಣಿ ಕಚೇರಿಗೆ ಹೆದರುತ್ತಾರೆ. ರಜನಿಯ ಕಾಗದ ಹಾಗೇ ಮಡಿಚಿ ವಾಪಸ್ಸು ಹೋಯಿತು.

ಮಂದಿ ಹೋದ ಮೇಲೆ ಶಶಿಕುಮಾರ ಪಟ್ಟಿಯ ಮುಂದೆ ಬಂದು ನಿಂತ. ಆಮೇಲೆ ಎಂದಿನ ಹಾಗೆ ಸ್ಕೇಲು ಹುಡುಕಿದ. "ಅವ್ವಾ, ಇನ್ನ ಆರು ತಿಂಗಳಿಗೆ ಹೊಸಾ ಮಾಡೆಲ್ ಬರ್ತಾವಂತ. ಅವರಾಗ ಈ ಗಂಟಿ ತ್ರಾಸು ಇರಂಗಿಲ್ಲ. ಡಾಕ್ಟರಿಗೆ ಹೇಳಿ ನಿನ್ನ ತಾರೀಖು ಒಂದೀಟು ಮುಂದಕ್ಕ ಹಾಕಸೂಣು."

ಸಾವಕ್ಕ ಮಂಚದ ಮೇಲೆ ಎದ್ದು ಕೂತಳು. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು ಎಂದು ಶಶಿಕುಮಾರನಿಗೆ ಅನ್ನಿಸಿತು.

"ನಿಮ್ಮಪ್ಪಗೂ ಇದನ್ನ ಅಂದಿದ್ದಿ" ಅಂದಳು. "ಅದರಾಗ ನಲವತ್ಮೂರು ಕಾಲಮ್ ಅದಾವ ಅಂತೀಯಲ್ಲ ತಮ್ಮಾ, ನಿಮ್ಮವ್ವಗ ಹತ್ತಾಕ ಆಕ್ಕೈತೋ ಇಲ್ಲೋ ಅನ್ನೂದು ಎಷ್ಟನೇ ಕಾಲಮ್ಮಿನ್ಯಾಗೈತಿ?"

ಶಶಿಕುಮಾರ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದ. ಡಿಕ್ಕಿಯ ಅಳತೆ ಇತ್ತು, ಚಕ್ರದ ಅಳತೆ ಇತ್ತು, ಛತ್ತಿಗೆ ಎಷ್ಟು ದೊಡ್ಡ ಗಾಜು ಅನ್ನುವುದೂ ಇತ್ತು. ಅವ್ವ ಎಲ್ಲಿಯೂ ಇರಲಿಲ್ಲ. ಅಪ್ಪನೂ ಇರಲಿಲ್ಲ. ಅವನಿಗೆ ಅಳು ಬಂತು. ಮೂಗು ಒರೆಸಿಕೊಂಡು, ಸ್ಕೇಲನ್ನು ಅಟ್ಟದ ಮೇಲೆ ಎಸೆದುಬಿಟ್ಟ.

ಕೆಂಪು ಗಾಡಿ ಬಂದದ್ದು ಭಾನುವಾರ ಬೆಳಿಗ್ಗೆ. ಈ ಸಲ ಹಿತ್ತಲ ಬಾಗಿಲೂ ಇಲ್ಲ, ಶಾಲೆಯ ಸುಳ್ಳೂ ಇಲ್ಲ. ಸಾವಕ್ಕ ಸೊಸೆಯ ಭುಜ ಹಿಡಿದು ಮೆಟ್ಟಿಲು ಇಳಿದಳು. ಓಣಿಯ ಕಿಟಕಿಗಳಲ್ಲೆಲ್ಲ ಮಂದಿ ನಿಂತಿದ್ದರು. ಶಶಿಕುಮಾರ ಹತ್ತಿರಕ್ಕಿದ್ದ ಹಿಂದಿನ ಎಡಗಡೆಯ ಬಾಗಿಲು ತೆಗೆದ. ಸಾವಕ್ಕ ಒಳಗೆ ನೋಡಿ ಹಿಂದೆ ಸರಿದಳು.

"ಇಲ್ಲಿ ಬ್ಯಾಡ" ಅಂದಳು. "ಇದು ಅವರ ಜಾಗಾ."

ಹತ್ತು ಹೆಜ್ಜೆ ನಡೆಯಲಾರದ ಮುದುಕಿ ಗಾಡಿಯನ್ನು ಹಿಡಿದು ಹಿಡಿದು, ಡಿಕ್ಕಿಯ ಹಿಂದಿನಿಂದ ಪೂರ್ತಿ ಸುತ್ತು ಹಾಕಿ ಬಲಗಡೆಯ ಬಾಗಿಲಿಗೆ ಬಂದಳು. ಬೆನ್ನು ತಿರುಗಿಸಿ ಸೀಟಿಗೆ ಆನಿಸಿದಳು. ಎತ್ತರ ಸರಿಯಾಗಿತ್ತು, ಹತ್ತುವ ತ್ರಾಸೂ ಇಲ್ಲ, ಕುಸಿಯುವ ತ್ರಾಸೂ ಇಲ್ಲ. ಕೂತು, ಎರಡೂ ಕಾಲು ಕೂಡಿಸಿ ಒಳಗೆ ತಂದಳು. "ಇದ ಆತು" ಅಂದಳು. ನಾಲ್ಕು ವರ್ಷದ ಹೋಲಿಕೆ ಅರ್ಧ ನಿಮಿಷದಲ್ಲಿ ಮುಗಿಯಿತು.

ಶಶಿಕುಮಾರ ಗಾಡಿ ಬಿಟ್ಟ. ಯಶೋಧರಾ ಪಕ್ಕದಲ್ಲಿ ಕೈ ಮುಷ್ಟಿ ಮಾಡಿ ಕೂತಿದ್ದಳು. ಓಣಿಯ ಕೊನೆ ಬಂತು.

ಟಿಣ್ ಟಿಣ್.

ಶಶಿಕುಮಾರ ಬ್ರೇಕು ಒತ್ತಿದ. ಸಾವಕ್ಕ ಮಾತ್ರ, ಉಣ್ಣುವಾಗ ಅಂಗಿಯ ಮೇಲೆ ಸಾರು ಚೆಲ್ಲಿಕೊಂಡ ಗಂಡನ ಕಡೆ ತಿರುಗಿದಂತೆ, ಎಡಕ್ಕೆ ತಿರುಗಿದಳು. "ಏನ್ರೀ ಇದು! ಮಂದೀನ್ನೆಲ್ಲಾ ಅಂಜಸಾಕತ್ತೀರಿ. ಬೆಲ್ಟ್ ಹಾಕ್ಕೋಬೇಕ್ರೀ. ಈಗ ಕಾಯ್ದೆ ಹಂಗೈತಿ." ಅಂದವಳು ಬಾಗಿ, ಖಾಲಿ ಸೀಟಿನ ಬೆಲ್ಟು ಎಳೆದಳು. ಬೆ‌ಲ್ಟು ಒಮ್ಮೆ ಎದೆಯ ಎತ್ತರದಲ್ಲಿ ಏನಕ್ಕೋ ತಡೆದಂತೆ ಬಿಗಿಯಾಗಿ, ಆಮೇಲೆ ಸಡಿಲಾಯಿತು. ಟಕ್ ಎಂದು ಸಿಕ್ಕಿಸಿದಳು.

ಗಂಟೆ ನಿಂತಿತು.

ಬೆಲ್ಟು ಹಾಕಿದರೆ ಗಂಟೆ ನಿಲ್ಲುತ್ತದೆ. ಇದಕ್ಕೆ ವಿಜ್ಞಾನದ ಪೂರ್ತಿ ಒಪ್ಪಿಗೆ ಇದೆ. ಅದು ರಜನಿಗೂ ಗೊತ್ತಿತ್ತು, ಗೌಸಮೊದ್ದೀನನಿಗೂ, ಹನ್ನೊಂದು ಭಾಷಣ ಮಾಡಿದವನಿಗೂ ಗೊತ್ತಿತ್ತು. ಆದರೆ ಕುಂತವರಿಗೆ ಒಂದು ಮರ್ಯಾದೆಯ ಮಾತು ಹೇಳಿ ಬೆಲ್ಟು ಹಾಕಬೇಕು ಅನ್ನುವುದು ಒಬ್ಬರಿಗೂ ಹೊಳೆದಿರಲಿಲ್ಲ. ಶಶಿಕುಮಾರ ಅವತ್ತೇ ಕೆಂಪು ಗಾಡಿ ಬುಕ್ ಮಾಡಿದ. ಪಟ್ಟಿಯನ್ನು ಸಾವಕ್ಕ ಬಿಚ್ಚಿಸಿ, ರೊಟ್ಟಿ ಬುಟ್ಟಿಯ ಕೆಳಗೆ ಹಾಸಿಕೊಂಡಳು.

ಗಾಡಿ ಹತ್ತನೆಯ ತಾರೀಖು ಮನೆಗೆ ಬಂತು. ಹನ್ನೆರಡರ ಬೆಳಿಗ್ಗೆ ಏಳಕ್ಕೆ ಸತ್ತೂರಿಗೆ ಹೊರಡಬೇಕು. ಅವ್ವನನ್ನು ಬಲಗಡೆ ಕೂಡಿಸಿ, ಯಶೋಧರಾಳನ್ನು ಮುಂದೆ ಕೂಡಿಸಿ, ಶಶಿಕುಮಾರ ಏನೋ ಮರೆತವನಂತೆ ಒಳಗೆ ಹೋದ. ಈ ಸಲ ಎರಡೂ ಕಾಲಿಗೆ ಬೂಟು ಇದ್ದವು. ಫೋಟೋದ ಮುಂದೆ ನೆಟ್ಟಗೆ ನಿಂತ.

"ಬರ್ರಿ ಅಪ್ಪಾ" ಅಂದ. "ತಡಾ ಆತು. ತಪ್ಪಾತ್ರಿ."

ಹೊರಗೆ ಬಂದು ಹಿಂದಿನ ಎಡಗಡೆಯ ಬಾಗಿಲು ತೆಗೆದ. ಒಬ್ಬ ಮನುಷ್ಯ ಹತ್ತಿ ಕೂಡುವಷ್ಟು ಹೊತ್ತು ಕಾದ. ಬೆಲ್ಟನ್ನು ತಾನೇ ಹಾಕಿದ, ಗಾಜನ್ನು ನಾಲ್ಕು ಬೆರಳು ತಾನೇ ಇಳಿಸಿದ. ಕಿಟಕಿಯಲ್ಲಿ ನಿಂತಿದ್ದ ಗುರುಬಸವ ಕೈ ಮುಗಿದ.

ದಾರಿಯಲ್ಲಿ ಗಾಡಿ ಒಂದೂ ಸದ್ದು ಮಾಡಲಿಲ್ಲ. ಬೆಲ್ಟು ಮೊದಲೇ ಹಾಕಿದ್ದರಿಂದ ಗಂಟೆ ಬಾರಿಸುವ ಪ್ರಶ್ನೆಯೇ ಇರಲಿಲ್ಲ. ಅಪ್ಪ ಬಂದಿದ್ದಾರೋ ಇಲ್ಲವೋ ತಿಳಿಯುವ ದಾರಿಯೂ ಇರಲಿಲ್ಲ. ಅದು ಶಶಿಕುಮಾರನಿಗೆ ಅರ್ಧ ದಾರಿಯಲ್ಲಿ ಹೊಳೆಯಿತು. ಇಷ್ಟು ದಿನ ಯಾವ ಸದ್ದಿಗೆ ಅವನ ಎದೆ ಒಡೆಯುತ್ತಿತ್ತೋ ಆ ಸದ್ದಿಗಾಗಿಯೇ ಅವನು ಕಿವಿಗೊಟ್ಟು ಕೂತಿದ್ದ. ಬರೀ ಗಾಳಿ ಬರುತ್ತಿತ್ತು, ತಣ್ಣಗೆ, ಕತ್ತಿನ ಎಡಭಾಗಕ್ಕೆ.

ಆಸ್ಪತ್ರೆಯ ಗೇಟಿನಲ್ಲಿ ಅಡ್ಡ ಕೋಲು ಇಳಿದಿತ್ತು. ಕಾವಲಿನವನು ರಜಿಸ್ಟರು ಹಿಡಿದು ಬಂದು ಗಾಡಿಯ ನಂಬರು ಬರೆದುಕೊಂಡ.

"ಎಷ್ಟು ಮಂದಿ ಅದೀರ್ರಿ ಒಳಗ?"

ಯಶೋಧರಾ ಗಂಡನ ಮುಖ ನೋಡಿದಳು. ಶಶಿಕುಮಾರ ಕನ್ನಡಿಯಲ್ಲಿ ಹಿಂದಿನ ಸೀಟು ನೋಡಿದ.

"ನಾಲ್ಕು."

ಕಾವಲಿನವನು ಬಾಗಿ ಎಣಿಸಿದ. ಒಂದು, ಎರಡು, ಮೂರು. ಖಾಲಿ ಸೀಟಿಗೆ ಹಾಕಿದ ಬೆಲ್ಟನ್ನು ನೋಡಿದ, ನಾಲ್ಕು ಬೆರಳು ಇಳಿದ ಗಾಜು ನೋಡಿದ. "ಇನ್ನೊಬ್ಬರು?"

"ನಮ್ಮ ಅಪ್ಪಾರು" ಅಂದ ಶಶಿಕುಮಾರ. "ಅವರು ಇಳಿಯಂಗಿಲ್ರಿ. ಹಿಂಗ ಒಂದು ಸುತ್ತು ಬಂದಾರ."

ಕಾವಲಿನವನಿಗೂ ವಯಸ್ಸಾಗಿತ್ತು. ರಜಿಸ್ಟರಿನಲ್ಲಿ ನಾಲ್ಕು ಅಂತ ಬರೆದು, ಕೋಲು ಎತ್ತಿದ. ಶಶಿಕುಮಾರನ ಕಣ್ಣು ಮಂಜಾಗಿತ್ತು, ಗಾಡಿಯನ್ನು ಗೇರಿಗೆ ಹಾಕುವುದನ್ನೂ ಮರೆತು ಕೂತಿದ್ದ.

ಆಗ ಹಿಂದಿನ ಎಡಗಡೆಯ ಬಾಗಿಲಿಗೆ, ಹೊರಗಿನಿಂದ, ಅಂಗೈಯಿಂದ ಬಡಿದಂತೆ ಎರಡು ಸಲ ಸದ್ದಾಯಿತು.

ಕಾವಲಿನವನು ಬಲಗಡೆ ಕೋಲು ಹಿಡಿದು ನಿಂತಿದ್ದ. ಸಾವಕ್ಕನ ಎರಡೂ ಕೈ ಆಕೆಯ ಮೊಣಕಾಲ ಮೇಲೇ ಇದ್ದವು.

"ಹೂಂ ರೀ, ಅಪ್ಪಾ" ಅಂದ ಶಶಿಕುಮಾರ, ಗಾಡಿ ಮುಂದೆ ಬಿಟ್ಟ.